ಯಂತ್ರ ಕಡಲಾಚೆಯದು, ಚಿನ್ನ ಮನೆಯದು

ಗಲ್ಫ್‌ನಿಂದ ಮರಳಿ ಬಂದು ಊರಲ್ಲೇ ಏನಾದರೊಂದು ಉದ್ಯೋಗ ಮಾಡಬೇಕೆಂದು ಬಯಸುವವರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಇದ್ದಾರೆ. ಹತ್ತು ಹದಿನೈದು ವರ್ಷ ದಮ್ಮಾಮ್, ದುಬೈ, ಮಸ್ಕತ್‌ನ ಬಿಸಿಲಲ್ಲಿ ದುಡಿದವನಿಗೆ ಉಳಿದ ಆಯುಸ್ಸನ್ನು ಮಡದಿ ಮಕ್ಕಳ ಜೊತೆ ಕಳೆಯುವ ಆಸೆ ಸಹಜ. ಕೈಯಲ್ಲಿ ಕೆಲಸವಿದೆ. ಬಡಗಿ ಕೆಲಸ ಗೊತ್ತಿದ್ದವನಿಗೆ ಬಾಗಿಲು ಕೆತ್ತನೆಯ ವರ್ಕ್‌ಶಾಪ್ ಕಣ್ಣ ಮುಂದೆ ಬರುತ್ತದೆ. ವೆಲ್ಡಿಂಗ್ ಬಲ್ಲವನಿಗೆ ಲೇಸರ್ ಕಟಿಂಗ್ ಯಂತ್ರ ಕಾಣುತ್ತದೆ. ಹೊಲಿಗೆ ಬಲ್ಲ ಸಹೋದರಿಗೆ ಕಂಪ್ಯೂಟರ್ ಕಸೂತಿ ಯಂತ್ರ ಕಾಣುತ್ತದೆ. ಒಂದು ರಾತ್ರಿ ಮೊಬೈಲ್ ಪರದೆಯಲ್ಲಿ ಚೀನಾದ ಕಂಪೆನಿಯೊಂದು ಅದೇ ಯಂತ್ರವನ್ನು ಇಲ್ಲಿನ ಡೀಲರ್ ಹೇಳಿದ ಬೆಲೆಗಿಂತ ಎಷ್ಟೋ ಕಡಿಮೆಗೆ ತೋರಿಸುತ್ತದೆ. 'ನಡುವೆ ಡೀಲರ್ ಯಾಕೆ? ನೇರವಾಗಿ ನಾವೇ ತರಿಸಿಕೊಳ್ಳೋಣ' ಎಂಬ ಮಾತು ಹುಟ್ಟುವುದು ಹೀಗೆ.

ಹಣ ಸಾಲದಿದ್ದಾಗ ಮುಂದಿನ ಮಾತು ಮನೆಯ ಕಪಾಟಿನ ಕಡೆ ತಿರುಗುತ್ತದೆ. ಬಳೆ, ಸರ, ಮಹ್ರ್ ಆಗಿ ಬಂದ ಚಿನ್ನ ಹೊರಬರುತ್ತದೆ. 'ಅದು ಗಂಡಸರ ವ್ಯವಹಾರ, ನಮಗೇನು ಗೊತ್ತು' ಎಂದು ಹೇಳಿ ಕೊಟ್ಟುಬಿಡುವವರೇ ಹೆಚ್ಚು. ಈ ಲೇಖನ ಹಾಗೆ ಹೇಳುವ ಸಹೋದರಿಯರಿಗಾಗಿ. ಮಹ್ರ್ ಸ್ತ್ರೀಯ ಸ್ವಂತ ಹಕ್ಕು, ಅವಳು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಪತಿ ಅದನ್ನು ಬಳಸಬಹುದು ಎಂಬುದು ಪವಿತ್ರ ಕುರ್‌ಆನಿನ 'ಅನ್ನಿಸಾ' ಅಧ್ಯಾಯದ ಆರಂಭದಲ್ಲೇ ಬರುವ ಶಿಕ್ಷಣ. ಮನಸಾರೆ ಕೊಡಬೇಕಾದರೆ ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ತಿಳಿದಿರಬೇಡವೇ? ಕಡಲಾಚೆಯಿಂದ ಯಂತ್ರ ತರಿಸುವುದರಲ್ಲಿ ಎಲ್ಲೆಲ್ಲಿ ಅಪಾಯವಿದೆ, ಯಾವ ಪ್ರಶ್ನೆಗಳನ್ನು ಮೊದಲೇ ಕೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಪರದೆಯ ಬೆಲೆ, ಅಂಗಳದ ಬೆಲೆ

ಬಾಗಿಲು, ಕಿಟಕಿ, ಫರ್ನಿಚರ್‌ಗಳ ಮೇಲೆ ಹೂಬಳ್ಳಿ ಕೆತ್ತುವ 'ಸಿಎನ್‌ಸಿ ರೌಟರ್' ಎಂಬ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚೀನಾದ ಶಾಂಡೊಂಗ್ ಪ್ರಾಂತ್ಯದ ಜಿನಾನ್ ನಗರ ಇಂತಹ ಯಂತ್ರಗಳಿಗೆ ಹೆಸರಾದದ್ದು. '1325' ಎಂಬ ಮಾದರಿ ಅಲ್ಲಿ ಬಹಳ ಸಾಮಾನ್ಯ. ಅದರ ಮೇಜು 1300 ಮಿ.ಮೀ. ಅಗಲ, 2500 ಮಿ.ಮೀ. ಉದ್ದ ಇರುವುದರಿಂದ ಈ ಹೆಸರು. ಪರದೆಯಲ್ಲಿ ಕಾಣುವ ಬೆಲೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಎಫ್‌ಒಬಿ' ಎಂದಿರುತ್ತದೆ. ಅಂದರೆ ಯಂತ್ರವನ್ನು ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವ ತನಕದ ಬೆಲೆ ಅದು. ಅಲ್ಲಿಂದ ನಮ್ಮ ಅಂಗಳದ ತನಕ ಎಲ್ಲ ಖರ್ಚೂ ನಮ್ಮದೇ. 'ಎಕ್ಸ್ ವರ್ಕ್ಸ್' ಎಂದಿದ್ದರಂತೂ ಕಾರ್ಖಾನೆಯ ಬಾಗಿಲಿನಿಂದಲೇ ನಮ್ಮ ಖರ್ಚು ಶುರು.

ಲೆಕ್ಕ ತಿಳಿಯಲು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ಯಂತ್ರದ ಬೆಲೆ 3,00,000 ರೂ. ಹಡಗು ಬಾಡಿಗೆ ಮತ್ತು ವಿಮೆ ಸೇರಿ 40,000 ರೂ. ಎಂದಿರಲಿ. ಕಸ್ಟಮ್ಸ್‌ನವರು ಸುಂಕ ಹಾಕುವುದು ಈ ಒಟ್ಟು 3,40,000 ರೂ.ಯ ಮೇಲೆ. ಇಂತಹ ಬಹುತೇಕ ಯಂತ್ರಗಳಿಗೆ ಮೂಲ ಸುಂಕ ಶೇ. 7.5, ಅಂದರೆ 25,500 ರೂ. ಆ ಸುಂಕದ ಮೇಲೆ ಶೇ. 10ರಂತೆ ಸಮಾಜ ಕಲ್ಯಾಣ ಸರ್ಚಾರ್ಜ್ 2,550 ರೂ. ಇವೆಲ್ಲ ಸೇರಿದ ಮೊತ್ತದ ಮೇಲೆ ಶೇ. 18ರಂತೆ ಐಜಿಎಸ್‌ಟಿ 66,249 ರೂ. ಹೀಗೆ ಸರಕಾರಕ್ಕೆ ಕಟ್ಟಬೇಕಾದದ್ದೇ 94,299 ರೂ. ಇನ್ನು ಬಂದರಿನ ಖರ್ಚು, ಕಸ್ಟಮ್ಸ್ ಏಜೆಂಟನ ಶುಲ್ಕ, ಲಾರಿ ಬಾಡಿಗೆ, ಇಳಿಸುವ ಕ್ರೇನ್ ಎಲ್ಲ ಸೇರಿ 50,000 ರೂ. ಎಂದುಕೊಂಡರೂ ಮೂರು ಲಕ್ಷದ ಯಂತ್ರ ಅಂಗಳಕ್ಕೆ ಬರುವಾಗ 4,84,299 ರೂ. ಆಗಿರುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ಐಜಿಎಸ್‌ಟಿ ಮೊತ್ತವನ್ನು ಮುಂದೆ ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಮೊದಲು ಕೈಯಿಂದ ಕಟ್ಟಲೇಬೇಕು. ನೋಂದಣಿ ಇಲ್ಲದವರಿಗೆ ಅದು ಹೋದ ಹಣವೇ. ಸುಂಕದ ದರ ಯಂತ್ರದಿಂದ ಯಂತ್ರಕ್ಕೆ, ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಆರ್ಡರ್ ಕೊಡುವ ಮೊದಲೇ ಕಸ್ಟಮ್ಸ್ ಏಜೆಂಟರಲ್ಲಿ ಕೇಳಬೇಕು.

ಇನ್ನೊಂದು ಮೋಸದ ಬಲೆ ಹಡಗು ಬಾಡಿಗೆಯಲ್ಲಿದೆ. ಒಂದೇ ಯಂತ್ರ ತರಿಸುವವರ ಸರಕು ಬೇರೆಯವರ ಸರಕಿನ ಜೊತೆ ಒಂದೇ ಕಂಟೈನರಿನಲ್ಲಿ ಬರುತ್ತದೆ. ಅಲ್ಲಿ ಬಾಡಿಗೆ ಬಹಳ ಕಡಿಮೆ ಹೇಳಿ, ಇಲ್ಲಿನ ಬಂದರಿನಲ್ಲಿ ಬಿಡಿಸಿಕೊಳ್ಳುವಾಗ ನಾನಾ ಹೆಸರಿನಲ್ಲಿ ದುಬಾರಿ ಬಿಲ್ ಕೈಗಿಡುತ್ತಾರೆ. ಸರಕು ಅವರ ವಶದಲ್ಲಿರುವಾಗ ಚೌಕಾಸಿಗೆ ಅವಕಾಶವೆಲ್ಲಿ? ಆದ್ದರಿಂದ ಇಲ್ಲಿನ ಬಂದರಿನ ಖರ್ಚೆಷ್ಟು ಎಂಬುದನ್ನೂ ಮೊದಲೇ ಬರಹದಲ್ಲಿ ಪಡೆಯಬೇಕು.

ಮಾರುವವನು ಯಾರು?

ಪರದೆಯ ಮೇಲೆ ದೊಡ್ಡ ಕಾರ್ಖಾನೆಯ ಚಿತ್ರವಿರುತ್ತದೆ, ಸಾಲುಸಾಲು ಯಂತ್ರಗಳಿರುತ್ತವೆ. ನಿಜದಲ್ಲಿ ಅತ್ತ ಕಡೆ ಇರುವವನು ಒಂದು ಕೋಣೆಯ ಕಚೇರಿಯಲ್ಲಿ ಕುಳಿತ ಮಧ್ಯವರ್ತಿ ಆಗಿರಬಹುದು. ಆರ್ಡರ್ ಬಂದ ಮೇಲೆ ಯಾರು ಅಗ್ಗಕ್ಕೆ ಕೊಡುತ್ತಾರೋ ಅವರಿಂದ ಯಂತ್ರ ಹೊಂದಿಸಿ ಕಳುಹಿಸುತ್ತಾನೆ. ಮಧ್ಯವರ್ತಿಗಳೆಲ್ಲ ಮೋಸಗಾರರಲ್ಲ. ಆದರೆ ಯಂತ್ರ ಕೆಟ್ಟ ದಿನ ತಯಾರಿಸಿದವನು ಯಾರೆಂದು ನಮಗೆ ತಿಳಿದಿರುವುದಿಲ್ಲ.

ಚೀನಾದಲ್ಲಿ ನೋಂದಾಯಿತ ಪ್ರತಿ ಕಂಪೆನಿಗೂ 18 ಅಂಕಿ, ಅಕ್ಷರಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಅದು ಅವರ ವ್ಯಾಪಾರ ಪರವಾನಗಿಯಲ್ಲಿ ಅಚ್ಚಾಗಿರುತ್ತದೆ. ಅಲ್ಲಿನ ಸರಕಾರದ ದಾಖಲೆಯಲ್ಲಿ ಇರುವುದು ಕಂಪೆನಿಯ ಚೀನೀ ಹೆಸರು ಮಾತ್ರ. ಇಂಗ್ಲಿಷ್ ಹೆಸರನ್ನು ಅವರು ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಪರವಾನಗಿಯ ಪ್ರತಿ ಕೇಳಿ, ಚೀನೀ ಭಾಷೆ ಬಲ್ಲವರಿಂದ ಅಥವಾ ಕಂಪೆನಿಗಳ ಹಿನ್ನೆಲೆ ಪರಿಶೀಲಿಸುವ ಸಂಸ್ಥೆಯಿಂದ ನೋಡಿಸಬೇಕು. ಯಾವಾಗ ಸ್ಥಾಪನೆಯಾಯಿತು, ತಯಾರಿಕೆಯೋ ಬರೀ ವ್ಯಾಪಾರವೋ ಎಂಬುದು ಅದರಲ್ಲಿ ತಿಳಿಯುತ್ತದೆ. ಪರವಾನಗಿ ಕೊಡಲು ಹಿಂದೆ ಮುಂದೆ ನೋಡುವವನ ಜೊತೆ ವ್ಯವಹಾರವೇ ಬೇಡ.

'ಸಿಇ ಮುದ್ರೆ ಇದೆ' ಎಂಬ ಮಾತಿಗೂ ಮರುಳಾಗಬಾರದು. ಅದು ಯುರೋಪಿನ ಕಾನೂನಿಗೆ ಸಂಬಂಧಿಸಿದ್ದು. ಹೆಚ್ಚಿನ ಯಂತ್ರಗಳ ವಿಷಯದಲ್ಲಿ ತಯಾರಕನೇ 'ನನ್ನ ಯಂತ್ರ ನಿಯಮದಂತಿದೆ' ಎಂದು ಘೋಷಿಸಿ ಅಂಟಿಸುವ ಗುರುತು ಅದು. ಬೇರೆ ಯಾರೋ ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಎಂದು ತಿಳಿಯುವುದು ತಪ್ಪು.

ಹಣ ಹೋದ ದಾರಿ

ಇಂತಹ ವ್ಯಾಪಾರದಲ್ಲಿ ರೂಢಿಯ ಪದ್ಧತಿ ಎಂದರೆ ಶೇ. 30 ಅಡ್ವಾನ್ಸ್, ಉಳಿದ ಶೇ. 70 ಯಂತ್ರ ಹಡಗು ಏರುವ ಮೊದಲು. ಎರಡನೇ ಕಂತು ಕಟ್ಟುವಾಗ ನಮ್ಮಲ್ಲಿರುವುದು ಯಂತ್ರದ ಚಿತ್ರ ಮತ್ತು ಒಂದು ವೀಡಿಯೋ. ಅದು ನಮ್ಮದೇ ಯಂತ್ರದ್ದೆಂದು ಹೇಳುವವರು ಯಾರು? ಬ್ಯಾಂಕಿನ ಮೂಲಕ ವಿದೇಶಕ್ಕೆ ಹೋದ ಹಣವನ್ನು ಮರಳಿ ತರಿಸುವುದು ಬಹಳ ಕಷ್ಟ.

ಇನ್ನೊಂದು ಮೋಸದಲ್ಲಿ ಮಾರುವವನ ತಪ್ಪೇ ಇರುವುದಿಲ್ಲ. ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆದಿರುತ್ತದೆ. ಹಣ ಕಳುಹಿಸುವ ಹೊತ್ತಿಗೆ ಅದೇ ಹೆಸರಿನಲ್ಲಿ, ಅದೇ ಧಾಟಿಯಲ್ಲಿ ಇ-ಮೇಲ್ ಬರುತ್ತದೆ: ನಮ್ಮ ಖಾತೆ ಬದಲಾಗಿದೆ, ಈ ಹೊಸ ಖಾತೆಗೆ ಕಳುಹಿಸಿ ಎಂದು. ಅದು ಇ-ಮೇಲ್ ಕದ್ದು ಓದುತ್ತಿದ್ದ ಕಳ್ಳನ ಕೆಲಸ. ಖಾತೆ ಬದಲಾಯಿತೆಂಬ ಮಾತು ಬಂದರೆ ಹಳೆಯ ಫೋನ್ ನಂಬರಿಗೆ ಕರೆ ಮಾಡಿ, ಸಾಧ್ಯವಿದ್ದರೆ ಮುಖ ನೋಡಿ ಮಾತನಾಡಿ ಖಚಿತಪಡಿಸದೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಖಾತೆಯ ಹೆಸರು ಮತ್ತು ಕಂಪೆನಿಯ ಹೆಸರು ಒಂದೇ ಇರಬೇಕು. ವ್ಯಕ್ತಿಯೊಬ್ಬನ ಖಾತೆಗೆ ಕಳುಹಿಸಿ ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಮೋಸ ಹೋದದ್ದು ತಿಳಿದ ಕೂಡಲೇ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸೈಬರ್ ಸಹಾಯವಾಣಿಗೂ ತಿಳಿಸಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಹಣ ಇನ್ನಷ್ಟು ದೂರ ಹೋಗುತ್ತದೆ.

ದೊಡ್ಡ ಮೊತ್ತಕ್ಕೆ ಬ್ಯಾಂಕಿನ 'ಲೆಟರ್ ಆಫ್ ಕ್ರೆಡಿಟ್' ಎಂಬ ವ್ಯವಸ್ಥೆ ಇದೆ. ಹಡಗಿಗೆ ಏರಿಸಿದ ದಾಖಲೆ ತೋರಿಸಿದ ಮೇಲೆಯೇ ಬ್ಯಾಂಕ್ ಅವನಿಗೆ ಹಣ ಕೊಡುತ್ತದೆ. ಪೂರ್ತಿ ಹಣವನ್ನು ಮೊದಲೇ ಬ್ಯಾಂಕಿನಲ್ಲಿಟ್ಟು, ದಾಖಲೆ ತೋರಿಸಿದ ಕೂಡಲೇ ಪಾವತಿಯಾಗುವ ಬಗೆಯದನ್ನು ತೆರೆದರೆ ಅದರಲ್ಲಿ ಬಡ್ಡಿಯ ಸಾಲವಿಲ್ಲ, ಬ್ಯಾಂಕಿನ ಸೇವಾ ಶುಲ್ಕ ಮಾತ್ರ. ಆದರೆ ಬ್ಯಾಂಕ್ ನೋಡುವುದು ಕಾಗದಗಳನ್ನು. ಪೆಟ್ಟಿಗೆಯೊಳಗೆ ಯಂತ್ರವಿದೆಯೋ ಕಲ್ಲಿದೆಯೋ ಎಂದು ಅದು ತೆರೆದು ನೋಡುವುದಿಲ್ಲ. ಅದಕ್ಕಾಗಿ ಎಸ್‌ಜಿಎಸ್, ಬ್ಯೂರೋ ವೆರಿಟಾಸ್, ಇಂಟರ್‌ಟೆಕ್‌ನಂತಹ ತಪಾಸಣಾ ಸಂಸ್ಥೆಗಳಿವೆ. ಅವರ ಜನ ಕಾರ್ಖಾನೆಗೆ ಹೋಗಿ ಯಂತ್ರ ಓಡಿಸಿ ನೋಡಿ ವರದಿ ಕೊಡುತ್ತಾರೆ. ಆ ವರದಿ ಬಂದ ಮೇಲೆಯೇ ಎರಡನೇ ಕಂತು ಎಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಮಾರುವವನು ಕೆಲವೊಮ್ಮೆ 'ಬಿಲ್ಲಿನಲ್ಲಿ ಬೆಲೆ ಅರ್ಧ ತೋರಿಸುತ್ತೇನೆ, ನಿಮಗೆ ಸುಂಕ ಉಳಿಯುತ್ತದೆ' ಎಂದು ಉಪಕಾರದ ಮಾತಾಡುತ್ತಾನೆ. ಇದು ಉಪಕಾರವಲ್ಲ. ಸುಳ್ಳು ಬೆಲೆ ತೋರಿಸಿದ ಸರಕನ್ನು 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು ಹಾಕಿ ದಂಡ ವಿಧಿಸಬಹುದು. ದಾರಿಯಲ್ಲಿ ಯಂತ್ರ ಹಾಳಾದರೆ ವಿಮೆಯವರ ಮುಂದೆಯೂ ಆ ಅರ್ಧ ಬೆಲೆಯ ಬಿಲ್ಲೇ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಅದು ಸುಳ್ಳು. ಹಲಾಲ್ ಸಂಪಾದನೆಗೆಂದು ತೆರೆಯುವ ವರ್ಕ್‌ಶಾಪಿನ ಮೊದಲ ಕಾಗದವೇ ಸುಳ್ಳಾದರೆ ಅದರಲ್ಲಿ ಬರ್ಕತ್ ಎಲ್ಲಿಂದ ಬಂದೀತು?

ಬಂದರಿನಲ್ಲಿ ಕಾದು ಕುಳಿತಾಗ

ವಿದೇಶದಿಂದ ವ್ಯಾಪಾರಕ್ಕಾಗಿ ಸರಕು ತರಿಸಲು 'ಐಇಸಿ' ಎಂಬ ಆಮದು-ರಫ್ತು ಸಂಖ್ಯೆ ಬೇಕು. ವಿದೇಶ ವ್ಯಾಪಾರ ಮಹಾ ನಿರ್ದೇಶನಾಲಯದಿಂದ 500 ರೂ. ಶುಲ್ಕಕ್ಕೆ ಅದು ಸಿಗುತ್ತದೆ. ಇದಿಲ್ಲದೆ ಆರ್ಡರ್ ಕೊಟ್ಟು, ಹಡಗು ಬಂದ ಮೇಲೆ ಓಡಾಡುವವರಿದ್ದಾರೆ. ಹಡಗು ಬರುವ ಮೊದಲೇ ಕಸ್ಟಮ್ಸ್‌ಗೆ 'ಬಿಲ್ ಆಫ್ ಎಂಟ್ರಿ' ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂ., ಆಮೇಲೆ ದಿನಕ್ಕೆ 10,000 ರೂ. ಶುಲ್ಕದ ನಿಯಮವಿದೆ. ಜೊತೆಗೆ ಬಂದರಿನ ಜಾಗದ ಬಾಡಿಗೆ, ಕಂಟೈನರಿನ ಬಾಡಿಗೆ ಬೇರೆ ಬೇರೆಯಾಗಿ ಏರುತ್ತಾ ಹೋಗುತ್ತವೆ. ಮೂವತ್ತು ದಿನಗಳಲ್ಲಿ ಬಿಡಿಸಿಕೊಳ್ಳದ ಸರಕನ್ನು ನೋಟಿಸು ಕೊಟ್ಟು ಮಾರಿಬಿಡಲೂ ಕಾನೂನಿನಲ್ಲಿ ಅವಕಾಶವಿದೆ.

ಯಂತ್ರ ಬರುವ ಮರದ ಪೆಟ್ಟಿಗೆಗೂ ನಿಯಮವಿದೆ. ಮರದಲ್ಲಿ ಹುಳು, ರೋಗ ಬರಬಾರದೆಂದು ಅದನ್ನು ಶಾಖ ಅಥವಾ ಹೊಗೆಯಿಂದ ಸಂಸ್ಕರಿಸಿ 'ಐಎಸ್‌ಪಿಎಂ 15' ಎಂಬ ಅಂತಾರಾಷ್ಟ್ರೀಯ ಮುದ್ರೆ ಒತ್ತಿರಬೇಕು. ಗೋಧಿ ತೆನೆಯ ಚಿತ್ರವಿರುವ ಆ ಚಿಕ್ಕ ಮುದ್ರೆ ಇಲ್ಲದ್ದಕ್ಕೆ ದೊಡ್ಡ ಯಂತ್ರ ಬಂದರಿನಲ್ಲಿ ನಿಲ್ಲುವುದುಂಟು. ಹಳೆಯ, ಬಳಸಿದ ಯಂತ್ರವಾದರೆ ಅದರ ಬೆಲೆ ಮತ್ತು ಸ್ಥಿತಿಯ ಬಗ್ಗೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟನ್ನು ಕಸ್ಟಮ್ಸ್ ಕೇಳುತ್ತದೆ.

ನಿಯಮಗಳು ನಡುವೆ ಬದಲಾಗುವುದೂ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರದ ಭಾರೀ ಕೈಗಾರಿಕಾ ಸಚಿವಾಲಯವು ಹಲವು ಬಗೆಯ ಯಂತ್ರಗಳಿಗೆ ಭಾರತೀಯ ಮಾನಕ ಬ್ಯೂರೋದ ಸುರಕ್ಷತಾ ಪ್ರಮಾಣ ಕಡ್ಡಾಯಗೊಳಿಸುವ ಆದೇಶ ಹೊರಡಿಸಿತು. ಮರು ವರ್ಷ ಅದರ ಜಾರಿ ದಿನಾಂಕವನ್ನು ಮುಂದೂಡಲಾಯಿತು. ಇಂತಹ ಆದೇಶ ಜಾರಿಗೆ ಬಂದ ದಿನ ಪ್ರಮಾಣವಿಲ್ಲದ ಯಂತ್ರ ಕಡಲ ಮೇಲಿದ್ದರೆ ಅದನ್ನು ತರಿಸಿದವನ ಗತಿ ಏನು? ತಮ್ಮ ಯಂತ್ರ ಆ ಪಟ್ಟಿಯಲ್ಲಿದೆಯೇ, ಅದು ತಲುಪುವ ದಿನ ಯಾವ ನಿಯಮ ಜಾರಿಯಲ್ಲಿರುತ್ತದೆ ಎಂಬುದನ್ನು ಆರ್ಡರಿಗೆ ಮೊದಲೇ ತಿಳಿದುಕೊಳ್ಳಬೇಕು.

ಕಡಲಿನ ಅಪಾಯವಂತೂ ನಮ್ಮ ಕಣ್ಣೆದುರೇ ನಡೆದಿದೆ. 2025ರ ಮೇ ತಿಂಗಳ ಕೊನೆಯಲ್ಲಿ 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು ನೂರಾರು ಕಂಟೈನರುಗಳೊಂದಿಗೆ ಕೊಚ್ಚಿಯ ಹತ್ತಿರ ಮುಳುಗಿತು. ಎರಡೇ ವಾರದಲ್ಲಿ, ಜೂನ್ 9ರಂದು, 'ವಾನ್ ಹೈ 503' ಎಂಬ ಹಡಗಿಗೆ ಕೇರಳದ ಉತ್ತರ ಕರಾವಳಿಯ ಎದುರು ಬೆಂಕಿ ಬಿತ್ತು. ಹಡಗು ಸಂಕಟಕ್ಕೆ ಸಿಲುಕಿ ಅದನ್ನು ಉಳಿಸಲು ಖರ್ಚಾದರೆ, ಸರಕಿನ ಮಾಲೀಕರೆಲ್ಲರೂ ಅದರಲ್ಲಿ ಪಾಲು ಕೊಡಬೇಕೆಂಬ ಹಳೆಯ ಕಡಲ ಕಾನೂನೂ ಇದೆ. 2021ರ ಮಾರ್ಚ್‌ನಲ್ಲಿ ಸುಯೆಜ್ ಕಾಲುವೆಗೆ ಅಡ್ಡವಾಗಿ ನಿಂತ 'ಎವರ್ ಗಿವನ್' ಹಡಗಿನ ವಿಷಯದಲ್ಲಿ ಹೀಗೇ ಆಯಿತು. ತಮ್ಮ ಸರಕಿಗೆ ಏನೂ ಆಗದವರೂ ಭದ್ರತೆ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಆದ್ದರಿಂದ ಸಾಗಾಟದ ರಕ್ಷಣೆಯಿಲ್ಲದೆ ಯಂತ್ರ ಹಡಗು ಏರಬಾರದು. ಮಾರುವವನು 'ವಿಮೆ ಸೇರಿದೆ' ಎಂದರೂ ಅದು ಅತ್ಯಂತ ಕನಿಷ್ಠ ಬಗೆಯದಾಗಿರಬಹುದು, ಪತ್ರ ತರಿಸಿ ಓದಬೇಕು. ವಿಮೆಯ ಧಾರ್ಮಿಕ ಮಸ್‌ಅಲಾ ಬಗ್ಗೆ ಸಂದೇಹವಿರುವವರು ತಮ್ಮ ಊರಿನ ಉಲಮಾಗಳಲ್ಲಿ ಕೇಳಿಕೊಳ್ಳಲಿ.

ಬಂತು ಸರಿ, ಓಡಬೇಕಲ್ಲ!

ಪೆಟ್ಟಿಗೆ ಒಡೆದ ದಿನ ಮನೆಯಲ್ಲಿ ಹಬ್ಬ. ಮರುದಿನ ಕರೆಂಟಿನ ಪ್ರಶ್ನೆ ಏಳುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಮನೆಗೆ ಬರುವುದು 230 ವೋಲ್ಟ್ ಸಿಂಗಲ್ ಫೇಸ್, ವರ್ಕ್‌ಶಾಪಿಗೆ ಬೇಕಾದದ್ದು ಹೆಚ್ಚಾಗಿ 415 ವೋಲ್ಟ್ ತ್ರೀ ಫೇಸ್. ಯಂತ್ರ ತ್ರೀ ಫೇಸ್‌ನದಾಗಿದ್ದು ಶೆಡ್ಡಿಗೆ ಆ ಸಂಪರ್ಕವಿಲ್ಲದಿದ್ದರೆ ಮೆಸ್ಕಾಂ ಅಥವಾ ಹೆಸ್ಕಾಂ ಕಚೇರಿಗೆ ಅಲೆದಾಟ ಶುರು. ಗಲ್ಫ್‌ನಿಂದ ಮರಳುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಯುಎಇ, ಒಮಾನ್, ಕತಾರ್, ಕುವೈತ್, ಬಹರೈನ್‌ಗಳಲ್ಲಿ ನಮ್ಮ ಹಾಗೆ 50 ಹರ್ಟ್ಸ್. ಸೌದಿ ಅರೇಬಿಯಾದಲ್ಲಿ 60 ಹರ್ಟ್ಸ್. ಅಲ್ಲಿ ಮುಚ್ಚಿದ ವರ್ಕ್‌ಶಾಪಿನಿಂದ ಅಗ್ಗಕ್ಕೆ ಸಿಕ್ಕಿತೆಂದು ತಂದ ಯಂತ್ರದ ಸಾಧಾರಣ ಮೋಟಾರು ಇಲ್ಲಿ ಆರನೇ ಒಂದು ಪಾಲಿನಷ್ಟು ನಿಧಾನ ತಿರುಗುತ್ತದೆ, ಬಿಸಿಯೇರಿ ಸುಟ್ಟುಹೋಗುವ ಸಂಭವವೂ ಇದೆ. ತೈವಾನಿನ ಹಳೆಯ ಯಂತ್ರಗಳದ್ದೂ ಇದೇ ಕಥೆ.

ಆಮೇಲೆ ರಿಪೇರಿ. ನನಗೆ ಪರಿಚಯದ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಬಳೆ ಮಾರಿ ತರಿಸಿದ ಕೆತ್ತನೆ ಯಂತ್ರ ಎರಡು ತಿಂಗಳು ಚೆನ್ನಾಗಿ ಓಡಿತು. ಮೂರನೇ ತಿಂಗಳು ಒಂದು ಸಂಜೆ ಅದರ ಕಂಟ್ರೋಲ್ ಬೋರ್ಡ್ ನಿಂತುಹೋಯಿತು. ಒಂದು ವರ್ಷದ ವಾರಂಟಿ ಇತ್ತು. ವೀಡಿಯೋ ಕಳುಹಿಸಿ ಎಂದರು, ಕಳುಹಿಸಿದರು. ಇನ್ನೊಂದು ಕೋನದಿಂದ ಕಳುಹಿಸಿ ಎಂದರು, ಅದನ್ನೂ ಕಳುಹಿಸಿದರು. ಕೊನೆಗೆ ಬೋರ್ಡ್ ಉಚಿತ, ಕೊರಿಯರ್ ಮತ್ತು ಸುಂಕ ನಿಮ್ಮದು ಎಂದರು. ಅಷ್ಟರಲ್ಲಿ ಅಲ್ಲಿ ವಸಂತ ಹಬ್ಬದ ರಜೆ ಬಂದು ಫೋನ್ ಎತ್ತುವವರೇ ಇಲ್ಲವಾದರು. ಬೋರ್ಡ್ ಕೈ ಸೇರುವ ಹೊತ್ತಿಗೆ ಮದುವೆ ಸೀಸನ್ನಿನ ಮಂಚಗಳ ಆರ್ಡರುಗಳೆಲ್ಲ ಬೇರೆಯವರ ಪಾಲಾಗಿದ್ದವು. ಇಬ್ಬರು ಕೆಲಸಗಾರರ ಸಂಬಳ ಮಾತ್ರ ಪ್ರತಿ ಶನಿವಾರ ಕೊಡಲೇಬೇಕಿತ್ತು. ಅವರಿಗೆ ಮೋಸ ಮಾಡಿದವರು ಯಾರೂ ಇಲ್ಲ. ವಾರಂಟಿ ಪತ್ರದಲ್ಲಿ ಏನಿದೆಯೋ ಅದನ್ನೇ ಕಂಪೆನಿ ನಡೆಸಿಕೊಟ್ಟಿತು. ಅದನ್ನು ಆರ್ಡರಿಗೆ ಮೊದಲು ಓದಿದವರು ಮಾತ್ರ ಆ ಮನೆಯಲ್ಲಿ ಯಾರೂ ಇರಲಿಲ್ಲ.

ತಂತ್ರಜ್ಞ ಬಂದು ಸರಿಮಾಡಿಕೊಡುತ್ತಾನೆ ಎಂಬ ಭರವಸೆಯನ್ನೂ ಅಳೆದು ನೋಡಬೇಕು. 2020ರಲ್ಲಿ ನಿಂತ ಭಾರತ-ಚೀನಾ ನೇರ ವಿಮಾನ ಸಂಚಾರ ಪುನಃ ಆರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಚೀನೀ ತಂತ್ರಜ್ಞರಿಗೆ ವೀಸಾ ಸಿಗುವುದೇ ಕಷ್ಟವಾಗಿ ದೊಡ್ಡ ಕಾರ್ಖಾನೆಗಳೇ ಪರದಾಡಿದವು. ಒಂದೇ ಯಂತ್ರದ ಸಣ್ಣ ಶೆಡ್ಡಿಗೆ ಯಾರು ಬಂದಾರು? ಬಂದರೂ ಅವನ ವಿಮಾನದ ಖರ್ಚು, ಊಟ, ವಸತಿ, ದಿನಗೂಲಿ ನಮ್ಮ ಮೇಲೆಯೇ.

ಸುರಕ್ಷತೆಯ ಮಾತನ್ನೂ ಮರೆಯಬಾರದು. ತಿರುಗುವ ಭಾಗಕ್ಕೆ ಮುಚ್ಚಳವಿಲ್ಲದ, ಅಪಾಯದಲ್ಲಿ ಒಮ್ಮೆಗೇ ನಿಲ್ಲಿಸುವ ಕೆಂಪು ಗುಂಡಿ ಕೆಲಸ ಮಾಡದ, ಅರ್ಥಿಂಗ್ ಸರಿಯಿಲ್ಲದ ಯಂತ್ರಗಳು ಅಗ್ಗದ ದರದಲ್ಲಿ ಬರುತ್ತವೆ. ಸೂಚನೆಯ ಪುಸ್ತಕ ಚೀನೀ ಭಾಷೆಯಲ್ಲಿದ್ದರೆ ಓದುವವರಾರು? ಉಳಿತಾಯದ ಬೆಲೆಯನ್ನು ಕೆಲಸಕ್ಕೆ ಬಂದ ಬಡ ಹುಡುಗನ ಬೆರಳು ತೆರುವಂತಾಗಬಾರದು. ಅವನ ಬಗ್ಗೆಯೂ ನಾಳೆ ನಮ್ಮಲ್ಲಿ ಪ್ರಶ್ನೆಯಿದೆ.

ಧರ್ಮ ತೋರಿಸಿದ ಎಚ್ಚರ

ಕಾಣದ ಸರಕು, ಮುಂಗಡ ಹಣ, ದೂರದ ವ್ಯಾಪಾರಿ: ಇವೆಲ್ಲ ಇಂದಿನ ಹೊಸ ಸಮಸ್ಯೆಗಳೆಂದು ನಮಗೆ ತೋರಬಹುದು. ಫಿಕ್ಹ್ ಗ್ರಂಥಗಳ ವ್ಯಾಪಾರದ ಅಧ್ಯಾಯಗಳನ್ನು ಓದಿದವರಿಗೆ ಇವು ಹಳೆಯ ಪರಿಚಿತರು. ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನ ಖರ್ಜೂರಕ್ಕೆ ಒಂದೆರಡು ವರ್ಷ ಮೊದಲೇ ಹಣ ಕೊಡುತ್ತಿದ್ದರು. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ನಿಶ್ಚಿತವಾಗಿರಬೇಕೆಂದು ಕಲಿಸಿದರು. ಹೇಳಿ ಮಾಡಿಸುವ ವಸ್ತುವಿನ ಕರಾರನ್ನು ಹನಫಿ ವಿದ್ವಾಂಸರು 'ಇಸ್ತಿಸ್ನಾ' ಎಂದು ಕರೆದರು. ಅಲ್ಲಿಯೂ ವಸ್ತುವಿನ ವಿವರ ಸಂಶಯಕ್ಕೆ ಎಡೆಯಿಲ್ಲದಂತೆ ಇರಬೇಕು. ಯಂತ್ರದ ಮೋಟಾರು ಎಷ್ಟು ಕಿಲೋವಾಟ್, ಯಾವ ಕಂಪೆನಿಯದು, ಕಬ್ಬಿಣದ ದಪ್ಪವೆಷ್ಟು, ಎಷ್ಟು ದಿನದಲ್ಲಿ ಹಡಗು ಏರಬೇಕು ಎಂದು ಬರೆಸುವುದು ಈ ಶಿಕ್ಷಣದ ಪಾಲನೆಯೇ.

ನೋಡದೆ ಕೊಂಡ ವಸ್ತುವನ್ನು ನೋಡಿದ ಮೇಲೆ ಬೇಡವೆನ್ನುವ ಹಕ್ಕು ಹನಫಿ ಮದ್‌ಹಬ್‌ನಲ್ಲಿದೆ. ಮಾರುವಾಗ ಹೇಳದ ದೋಷ ಕಂಡುಬಂದರೆ ಮರಳಿಸುವ ಹಕ್ಕನ್ನು ಎಲ್ಲ ಮದ್‌ಹಬ್‌ಗಳೂ ಒಪ್ಪಿವೆ. ಆದರೆ ಒಂದು ಟನ್ ತೂಕದ ಯಂತ್ರವನ್ನು ಕಡಲು ದಾಟಿಸಿ ಮರಳಿಸುವುದು ಆಗುವ ಮಾತೇ? ಹಕ್ಕು ನಮ್ಮದಾದರೂ ಅದನ್ನು ಚಲಾಯಿಸುವ ಕೈ ಅಲ್ಲಿಗೆ ಎಟಕುವುದಿಲ್ಲ. ಇಲ್ಲಿನ ಕೋರ್ಟಿನ ತೀರ್ಪು ಹಿಡಿದು ಚೀನಾದಲ್ಲಿ ನೇರವಾಗಿ ವಸೂಲಿ ಮಾಡಲೂ ಆಗುವುದಿಲ್ಲ. ಅದಕ್ಕಾಗಿಯೇ ನೋಡುವ ಕೆಲಸ ಹಣ ಕೊಡುವ ಮೊದಲೇ ಆಗಬೇಕು. ಸಂತೆಯಲ್ಲಿ ಧಾನ್ಯದ ರಾಶಿ ಮೇಲಿಂದ ಒಣಗಿ ಚೆನ್ನಾಗಿ ಕಂಡಾಗ ಪ್ರವಾದಿವರ್ಯರು(ಸ) ಅದರೊಳಗೆ ಕೈ ಹಾಕಿ ನೋಡಿದರು, ಒಳಗೆ ತೇವವಿತ್ತು. ಮೋಸ ಮಾಡುವವನು ನಮ್ಮವನಲ್ಲ ಎಂಬ ಪ್ರಸಿದ್ಧ ಎಚ್ಚರಿಕೆ ಅಂದು ಬಂದದ್ದು. ಮಾರುವವನಿಗೆ ಅದರಲ್ಲಿ ಎಚ್ಚರಿಕೆ ಇದ್ದರೆ, ಕೊಳ್ಳುವವನಿಗೆ ರಾಶಿಯೊಳಗೆ ಕೈ ಹಾಕಿ ನೋಡುವ ಪಾಠವಿದೆ.

ಸ್ತ್ರೀಯರಿಗೆ ಇದಕ್ಕಿಂತ ಹತ್ತಿರದ ಮಾದರಿ ಹಝ್ರತ್ ಖದೀಜಾ(ರ). ಅವರು ಮಕ್ಕಾದ ಹೆಸರಾಂತ ವ್ಯಾಪಾರಿ. ಸ್ವತಃ ಪ್ರಯಾಣ ಮಾಡದೆ ತಮ್ಮ ಬಂಡವಾಳವನ್ನು ಸಿರಿಯಾದ ದೂರದ ಪೇಟೆಗೆ ಕಳುಹಿಸುತ್ತಿದ್ದರು. ಯಾರಲ್ಲಿ ಕೊಟ್ಟು ಕಳುಹಿಸಿದರು? ಊರೆಲ್ಲ 'ಅಲ್ ಅಮೀನ್' ಎಂದು ಕರೆಯುತ್ತಿದ್ದ ಪ್ರಾಮಾಣಿಕ ಯುವಕನಲ್ಲಿ. ಅಷ್ಟು ನಂಬಿಕೆಯಿದ್ದರೂ ಜೊತೆಗೆ ತಮ್ಮ ಸೇವಕ ಮೈಸರಾನನ್ನು ಕಳುಹಿಸಿದರು. ಅವನು ದಾರಿಯುದ್ದಕ್ಕೂ ಕಂಡದ್ದನ್ನು ಮರಳಿ ಬಂದು ವಿವರಿಸಿದ. ಮೊದಲು ವ್ಯಕ್ತಿಯ ವಿಚಾರಣೆ, ಆಮೇಲೆ ತಮ್ಮದೇ ಒಬ್ಬ ಸಾಕ್ಷಿ. ಚೀನಾದ ಕಾರ್ಖಾನೆಗೆ ನಾವು ಕಳುಹಿಸುವ ತಪಾಸಣೆಗಾರ ಇಂದಿನ ಮೈಸರಾ. ಹಣದ ಒಡತಿ ಪ್ರಶ್ನೆ ಕೇಳುವುದು ಅಪನಂಬಿಕೆಯ ಲಕ್ಷಣವೆಂದು ಯಾರಾದರೂ ಹೇಳಿದರೆ ಈ ಚರಿತ್ರೆಯನ್ನು ನೆನಪಿಸಬಹುದು.

ನಮ್ಮಲ್ಲೇ ಕೊಂಡರೆ

ನೇರ ಆಮದು ಯಾರಿಗೂ ಬೇಡವೆಂದಲ್ಲ. ಸ್ವತಃ ಹೋಗಿ ಕಾರ್ಖಾನೆ ನೋಡಿ ಬರಬಲ್ಲವರಿಗೆ, ಗುವಾಂಗ್‌ಝೌ ನಗರದಲ್ಲಿ 1957ರಿಂದ ವರ್ಷಕ್ಕೆರಡು ಬಾರಿ ನಡೆಯುವ ಕ್ಯಾಂಟನ್ ಮೇಳಕ್ಕೆ ಹೋಗಬಲ್ಲವರಿಗೆ, ಹಲವು ಯಂತ್ರ ಒಟ್ಟಿಗೆ ತರಿಸುವವರಿಗೆ, ಯಂತ್ರದ ರಿಪೇರಿ ಬಲ್ಲವರಿಗೆ ಅದರಲ್ಲಿ ಲಾಭವಿರಬಹುದು. ಒಂದೇ ಯಂತ್ರದ ಮೇಲೆ ಇಡೀ ಮನೆಯ ಭಾರ ಹೊರಿಸುವವರು ಮಾತ್ರ ಇಲ್ಲಿನ ದಾರಿಯನ್ನೂ ನೋಡಬೇಕು. ಬೆಂಗಳೂರು, ರಾಜ್‌ಕೋಟ್, ಲೂಧಿಯಾನ, ಕೊಯಮತ್ತೂರುಗಳಲ್ಲಿ ಯಂತ್ರ ತಯಾರಕರಿದ್ದಾರೆ. ಬೆಂಗಳೂರಿನಲ್ಲಿ ನಡೆಯುವ 'ಇಮ್‌ಟೆಕ್ಸ್' ಪ್ರದರ್ಶನದಲ್ಲಿ ಲೋಹದ ಕೆಲಸದ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ಅದೇ ಚೀನಾ ಯಂತ್ರವನ್ನು ತರಿಸಿ ಮಾರುವ ಇಲ್ಲಿನ ಡೀಲರ್ ಹೆಚ್ಚು ಬೆಲೆ ಕೇಳುವುದು ಸುಂಕ, ಸಾಗಾಟ, ಬಿಡಿಭಾಗಗಳ ದಾಸ್ತಾನು, ಮೆಕ್ಯಾನಿಕನ ಸಂಬಳ ಎಲ್ಲ ಸೇರಿಸಿ.

ಇನ್ನೊಂದು ಅನುಕೂಲ ಬಹಳ ಜನರಿಗೆ ತಿಳಿದಿಲ್ಲ. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದರೆ ಸ್ವಂತ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಸ್ವತಃ ಬಳಸುವವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರೇ. ಅವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಡೀಲರ್ ಬೆಂಗಳೂರಿನವನಾದರೂ ಉಡುಪಿಗೋ ಕಾರವಾರಕ್ಕೋ ಬಂದು ಉತ್ತರಿಸಬೇಕಾಗುತ್ತದೆ. ಹೆಚ್ಚು ಕೊಟ್ಟ ಹಣಕ್ಕೆ ಸಿಗುವುದು ಈ ನೆಮ್ಮದಿ.

ಕಪಾಟು ತೆರೆಯುವ ಮೊದಲು

ಆದ್ದರಿಂದ ಸಹೋದರಿಯರೇ, ಚಿನ್ನ ಹೊರತೆಗೆಯುವ ಮೊದಲು ಮನೆಯಲ್ಲಿ ಕುಳಿತು ಈ ಪ್ರಶ್ನೆಗಳನ್ನು ಶಾಂತವಾಗಿ ಕೇಳಿ:

1. ಯಂತ್ರ ಅಂಗಳಕ್ಕೆ ಬಂದು ಓಡುವ ತನಕದ ಪೂರ್ತಿ ಖರ್ಚೆಷ್ಟು? ಕಾಗದದಲ್ಲಿ ಬರೆದಿದೆಯೇ?

2. ಮಾರುವವನ ಪರವಾನಗಿ ನೋಡಿದ್ದೀರಾ? ಅವನಿಂದ ಮೊದಲು ಕೊಂಡ ನಮ್ಮ ದೇಶದ ಯಾರನ್ನಾದರೂ ಮಾತಾಡಿಸಿದ್ದೀರಾ?

3. ಕೊನೆಯ ಕಂತಿಗೆ ಮೊದಲು ಯಂತ್ರವನ್ನು ನಮ್ಮ ಪರವಾಗಿ ನೋಡುವವರು ಯಾರು?

4. ಐಇಸಿ ಆಗಿದೆಯೇ? ಕಸ್ಟಮ್ಸ್ ಏಜೆಂಟರಲ್ಲಿ ಮಾತಾಡಿದ್ದೀರಾ?

5. ವೋಲ್ಟ್, ಹರ್ಟ್ಸ್, ಫೇಸ್ ನಮ್ಮ ಶೆಡ್ಡಿಗೆ ಹೊಂದುತ್ತವೆಯೇ?

6. ಕೆಟ್ಟರೆ ಸರಿಮಾಡುವವರು ಎಲ್ಲಿದ್ದಾರೆ? ಬಿಡಿಭಾಗ ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಬರುತ್ತದೆ?

7. ಯಂತ್ರ ಆರು ತಿಂಗಳು ನಿಂತರೂ ಮನೆ ನಡೆಸುವಷ್ಟು ಹಣ ಬೇರೆ ಇದೆಯೇ?

ಕೊನೆಯದಾಗಿ ಚಿನ್ನದ ವಿಷಯ. ಕೊಡುವ ಚಿನ್ನ ಸಾಲವೋ, ಪಾಲುಗಾರಿಕೆಯೋ, ಪ್ರೀತಿಯ ಕೊಡುಗೆಯೋ ಎಂಬುದನ್ನು ಮೊದಲೇ ನಿರ್ಧರಿಸಿ. ಸಾಲವಾದರೆ ಎಷ್ಟು ಪವನು ಎಂದು ಬರೆದಿಡಿ. ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ತಿಳಿಸುವ ಸೂಕ್ತ ಪವಿತ್ರ ಕುರ್‌ಆನಿನಲ್ಲೇ ಅತ್ಯಂತ ದೀರ್ಘವಾದುದು. 'ಅಲ್ ಬಕರ' ಅಧ್ಯಾಯದ 282ನೇ ಸೂಕ್ತ ಅದು. ಗಂಡ ಹೆಂಡಿರ ನಡುವೆ ಬರಹವೇಕೆ ಎಂದು ಸಂಕೋಚ ಪಡುವ ಅಗತ್ಯವಿಲ್ಲ. ಬರೆದಿಟ್ಟದ್ದು ನಾಳೆ ಮನಸ್ತಾಪವನ್ನು ತಡೆಯುತ್ತದೆ, ವಾರಸುದಾರರ ನಡುವೆ ಜಗಳವನ್ನೂ ತಡೆಯುತ್ತದೆ.

ದುಡಿದು ತಿನ್ನುವ ಹಂಬಲದಿಂದ ಊರಿಗೆ ಮರಳಿದವರ ವರ್ಕ್‌ಶಾಪುಗಳು ಬೆಳೆಯಬೇಕು, ನಾಲ್ಕು ಜನರಿಗೆ ಕೆಲಸ ಕೊಡಬೇಕು. ಅದಕ್ಕೆ ಬೇಕಾದ ಎಚ್ಚರ ಮನೆಯೊಳಗಿನ ಒಂದು ಪ್ರಶ್ನೆಯಿಂದ ಆರಂಭವಾಗಲಿ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ಮೊದಲು ಹಗ್ಗ ಬಿಗಿಯೋಣ, ಆಮೇಲೆ ದುಆ ಮಾಡೋಣ.